ಹಳದಿ ಹಗ್ಗದ ಒಳಗಾಯ

ಇನ್ಸ್‌ಪೆಕ್ಟರಮ್ಮ ತುಂಡಾದ ಹಗ್ಗದ ತುದಿಯನ್ನು ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿದರು.

“ಏನು ವಾಸನೆ?” ಪಕ್ಕದಲ್ಲಿ ಮರಳಿನ ಮೇಲೆ ಕಾಲು ಚಾಚಿ ಟೀ ಕುಡಿಯುತ್ತಿದ್ದ ಮೇಷ್ಟ್ರು ಕೇಳಿದರು.

“ನದಿ ವಾಸನೆ.”

“ರಿಟೈರಾಗಿ ಎರಡು ವರ್ಷ ಆಯ್ತು. ಇನ್ನೂ ಕೈಗೆ ಸಿಕ್ಕಿದ್ದನ್ನೆಲ್ಲ ಮೂಸ್ತೀಯ.”

“ನಿಮ್ಮ ಸಾಕ್ಸ್ ಒಂದನ್ನ ಬಿಟ್ಟು. ಸುಮ್ನೆ ಟೀ ಕುಡೀರಿ.”

ಮೇಷ್ಟ್ರು ಸುಮ್ಮನೆ ಟೀ ಕುಡಿದರು. ಮೂವತ್ತಾರು ವರ್ಷ ಪೊಲೀಸ್ ಹೆಂಡತಿಯ ಜೊತೆ ಬಾಳಿದ ಭೂಗೋಳದ ಮೇಷ್ಟ್ರಿಗೆ ಯಾವಾಗ ಮಾತಾಡಬೇಕು, ಯಾವಾಗ ಬಾಯಿಗೆ ಬೀಗ ಹಾಕಿಕೊಳ್ಳಬೇಕು ಅನ್ನೋದು ಚೆನ್ನಾಗಿ ಗೊತ್ತಿತ್ತು.

ನಿನ್ನೆ ಮಧ್ಯಾಹ್ನ ಐದನೇ ಸೆಳವು ಮುಗಿಯುವ ಕಡೆ ಹಲ್ಲಿನ ಡಾಕ್ಟರು ರಬ್ಬರ್ ದೋಣಿಯಿಂದ ನೀರಿಗೆ ಬಿದ್ದಿದ್ದರು. ಗೈಡ್ ಎಸೆದ ಈ ಹಳದಿ ಹಗ್ಗ ಅವರ ಕೈಗೆ ಸಿಕ್ಕಿ, ಬಿಗಿಯಾದ ಕೂಡಲೇ ಎರಡು ತುಂಡಾಗಿತ್ತು. ಡಾಕ್ಟರು ಹೇಗೋ ತೇಲಿಕೊಂಡು ತಾವೇ ದಡ ಸೇರಿದ್ದರು. ಆದರೆ ನಾಲ್ಕು ಜನ ಜೋತುಬಿದ್ದರೂ ತಡೆಯುವಂಥ ಹಗ್ಗ ಹೊಲಿಗೆ ದಾರದ ಹಾಗೆ ಹರಿದದ್ದು ಹೇಗೆ?

ಯಾರನ್ನಾದರೂ ಅನುಮಾನಿಸಬೇಕು ಅನ್ನಿಸುವಂಥ ಬೆಳಗಲ್ಲ ಅದು. ಬಿಸಿಲು ಆಗತಾನೇ ಬೆಟ್ಟ ಇಳಿದು ಮರಳಿಗೆ ಬಂದಿತ್ತು. ನಾಲ್ಕು ಡೇರೆಗಳ ಮೇಲಿನ ಇಬ್ಬನಿ ಹೊಗೆಯಾಡುತ್ತಿತ್ತು. ಆಚೆ ಕಡೆ ಒಂದು ಬಂಡೆಯ ಮೇಲೆ ಇದೇ ದೋಣಿಯಲ್ಲಿ ಬಂದಿದ್ದ ಅತ್ತಿಗೆ-ನಾದಿನಿ ಜೋಡಿ, ಇಬ್ಬರೂ ಒದ್ದೆ ಬಟ್ಟೆ ಹರವುತ್ತಾ ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಮನೆಯಲ್ಲಿ ಗಂಡಸರನ್ನೆಲ್ಲ ಬಿಟ್ಟು ಮೂರು ದಿನಕ್ಕೆ ಅಂತ ಹೊರಟು ಬಂದವರು. ಮೊದಲನೇ ದಿನದಿಂದ ಅವರ ನಗು ನಿಂತೇ ಇರಲಿಲ್ಲ.

ನಿಜ ಹೇಳಬೇಕೆಂದರೆ ಇನ್ಸ್‌ಪೆಕ್ಟರಮ್ಮನಿಗೂ ಒಳಗೊಳಗೇ ಖುಷಿಯಾಗಿತ್ತು. ಫೋನು ಬರದ ಜಾಗಕ್ಕೆ ಹೋಗಬೇಕು ಅಂತ ಹಟ ಹಿಡಿದು ಗಂಡನನ್ನು ಈ ನದಿಗೆ ಎಳೆದುಕೊಂಡು ಬಂದವರು ಅವರೇ. ಹುಟ್ಟು ಹಾಕಿ ತೋಳು ಬಿದ್ದುಹೋಗಿತ್ತು, ಮುಖ ಬಿಸಿಲಿಗೆ ಸುಟ್ಟಿತ್ತು, ರಾತ್ರಿ ಮಗುವಿನ ಹಾಗೆ ನಿದ್ದೆ ಬಂದಿತ್ತು. ಅದರ ಮೇಲೆ ಈಗ ಕೈಯಲ್ಲೊಂದು ಗಂಟು. ಯಾರೋ ಸಾಯಬಹುದಾಗಿದ್ದ ವಿಷಯದಲ್ಲಿ ಹೀಗೆ ಹುರುಪು ಬರಬಾರದು ಅಂತ ತಮ್ಮನ್ನು ತಾವೇ ಗದರಿಸಿಕೊಂಡರು. ಹುರುಪೇನೂ ಕಡಿಮೆಯಾಗಲಿಲ್ಲ.

“ಇಲ್ಲಿ ನೋಡಿ,” ಅಂದರು ಗಂಡನಿಗೆ. “ಈ ಹಗ್ಗಕ್ಕೆ ಹೊರಗೊಂದು ಹೊದಿಕೆ ಇದೆ. ಒಳಗೆ ಬಿಳೀ ಎಳೆಗಳು. ಭಾರ ತಡೆಯೋದು ಒಳಗಿನದು. ಹೊರಗಿನ ಹಳದಿ ಹೇಗೆ ಹರಿದಿದೆ?”

“ಪೊರಕೆ ಥರ ಕೆದರಿಕೊಂಡಿದೆ.”

“ಒಳಗಿನ ಬಿಳೀದು?”

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿದರು. ಬಿಳಿ ಎಳೆಗಳೆಲ್ಲ ಒಂದೇ ಮಟ್ಟಕ್ಕೆ ಇದ್ದವು, ಹೊಸ ಬ್ರಷ್ಷಿನ ಕೂದಲಿನ ಹಾಗೆ. “ಕೊಯ್ದಿದ್ದಾರೆ,” ಅಂದರು ಮೆಲ್ಲಗೆ.

“ಹೊದಿಕೆಯಲ್ಲಿ ಉಗುರಿನಷ್ಟು ಸೀಳು ಮಾಡಿ, ಅಲ್ಲಿಂದ ಒಳಗಿನದನ್ನ ಮಾತ್ರ ಕೊಯ್ದಿದ್ದಾರೆ. ಹೊರಗಿನಿಂದ ನೋಡಿದವರಿಗೆ ಹಗ್ಗ ಇಡೀ ಇದ್ದ ಹಾಗೇ ಕಾಣಬೇಕು.”

ಅಷ್ಟರಲ್ಲಿ ಗೈಡ್ ಬಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು; ಹತ್ತೊಂಬತ್ತು ವರ್ಷದಿಂದ ಇದೇ ನದಿಯಲ್ಲಿ ದೋಣಿ ನಡೆಸುವವನು. ಬಂದವನು ಕೂರಲಿಲ್ಲ.

“ಮೇಡಂ, ಹನ್ನೊಂದಕ್ಕೆ ಹೊರಡಬೇಕು. ಸಂಜೆ ಸೇತುವೆ ಹತ್ತಿರ ಇಳಿದ ಮೇಲೆ ನಾನು ನದಿ ಆಫೀಸಿಗೆ ವರದಿ ಕೊಡಬೇಕು. ಹಗ್ಗ ಹರೀತು ಅಂತ ಬರೆದರೆ ನಾಳೆಯೇ ನನ್ನ ಲೈಸೆನ್ಸ್ ಹೋಗುತ್ತೆ.”

“ಬರೀದೆ ಇದ್ದರೆ?”

“ಅದು ಆಗಲ್ಲ. ನಿನ್ನೆ ಡಾಕ್ಟ್ರಿಗೆ ಏನಾದರೂ ಆಗಿದ್ದಿದ್ದರೆ...” ಅವನು ಮಾತು ನುಂಗಿಕೊಂಡ. “ಅಷ್ಟರೊಳಗೆ ನಿಮಗೇನಾದರೂ ಗೊತ್ತಾದರೆ ಹೇಳಿ. ಇಲ್ಲದಿದ್ದರೂ ಬೇಜಾರಿಲ್ಲ.”

ಅವನ ಬೆನ್ನ ಹಿಂದೆಯೇ ಅವನ ತಂಗಿ ನಿಂತಿದ್ದಳು. ಒಬ್ಬರೇ ಕೂರುವ ಸಣ್ಣ ಕಯಾಕ್ ದೋಣಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿ, ಬಿದ್ದವರನ್ನು ಎತ್ತುವುದು ಅವಳ ಕೆಲಸ. ಅಡುಗೆಯೂ ಅವಳದೇ. ರಾತ್ರಿಯೆಲ್ಲ ಅತ್ತಿದ್ದಳು ಅಂತ ಕಣ್ಣೇ ಹೇಳುತ್ತಿತ್ತು.

“ಎಸೆಯೋ ಚೀಲಕ್ಕೆ ಹಗ್ಗ ತುಂಬಿದ್ದು ನಾನು ಮೇಡಂ,” ಅಂದಳು. “ಅಣ್ಣನ್ನ ಬಿಡಿ. ಏನಿದ್ದರೂ ನನ್ನ ಕೇಳಿ.”

“ಕೇಳೋದೇನೂ ಇಲ್ಲ. ಹೇಗೆ ತುಂಬ್ತೀಯ ಅಂತ ತೋರಿಸು.”

ಇನ್ಸ್‌ಪೆಕ್ಟರಮ್ಮ ಇನ್ನೊಂದು ಹಗ್ಗವನ್ನೂ ಅದರ ಚೀಲವನ್ನೂ ಅವಳ ಮುಂದಿಟ್ಟರು. ತಂಗಿ ಮಂಡಿಯೂರಿ ಕೂತು, ಕಣ್ಣು ಬೇರೆಲ್ಲೋ ಇಟ್ಟುಕೊಂಡೇ, ಹಗ್ಗವನ್ನು ಹಿಡಿ ಹಿಡಿಯಾಗಿ ಚೀಲಕ್ಕೆ ತುರುಕಿದಳು. ಒಂದು ಲೆಕ್ಕವಿಲ್ಲ, ಒಂದು ಸಾಲಿಲ್ಲ. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು.

“ಇದೇನಮ್ಮ, ಹಾಸ್ಟೆಲ್ ಹುಡುಗರು ಬಟ್ಟೆ ತುರುಕಿದ ಹಾಗಿದೆ,” ಅಂದರು ಮೇಷ್ಟ್ರು. “ನೀಟಾಗಿ ಸುತ್ತಿ ಇಡಬಾರದಾ?”

“ಸುತ್ತಿದರೆ ಎಸೆದಾಗ ಸಿಕ್ಕು ಬೀಳುತ್ತೆ ಸಾರ್. ಹೀಗೆ ತುರುಕಿದರೆ ಸರಾಗವಾಗಿ ಬಿಚ್ಚಿಕೊಳ್ಳುತ್ತೆ. ಈ ಕೆಲಸ ಮಾಡೋರು ಯಾರೂ ಸುತ್ತಿಡಲ್ಲ.”

ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿ ಬಂಡೆಯ ಕಡೆ ತಿರುಗಿದರು. “ಅತ್ತಿಗೆಯವರೇ, ನಿಮ್ಮ ಕ್ಯಾಮೆರಾ ಸ್ವಲ್ಪ ಕೊಡ್ತೀರಾ?”

ಅತ್ತಿಗೆಯ ಹೆಲ್ಮೆಟ್ಟಿನ ಮೇಲೆ ಬೆಂಕಿಪೊಟ್ಟಣದಷ್ಟು ಕ್ಯಾಮೆರಾ ಇತ್ತು. ಎರಡು ದಿನವೂ ಅದು ನೋಡಿದ್ದೇ ನೋಡಿದ್ದು: ಅರ್ಧ ಆಕಾಶ, ಅರ್ಧ ನಾದಿನಿಯ ಬೆನ್ನು. ಆದರೆ ಡಾಕ್ಟರು ಬಿದ್ದಾಗ ಅತ್ತಿಗೆ ಗಾಬರಿಯಾಗಿ ಹಿಂದಿದ್ದ ಗೈಡಿನ ಕಡೆ ತಿರುಗಿದ್ದರಿಂದ ಹಗ್ಗ ಹಾರಿದ್ದು ಪೂರ್ತಿ ಸಿಕ್ಕಿತ್ತು. ಬೆರಳಗಲದ ಪರದೆಯ ಸುತ್ತ ಐದು ತಲೆ ಸೇರಿದವು. ಗೈಡ್ ಕೈ ಬೀಸಿದ. ಚೀಲದಿಂದ ಹಗ್ಗ ಬಿಚ್ಚಿಕೊಳ್ಳಲಿಲ್ಲ. ಬಳೆಗಳ ಗೊಂಚಲಿನ ಹಾಗೆ ಉಂಗುರ ಉಂಗುರವಾಗಿ ಹೊರಗೆ ಬಿತ್ತು.

ತಂಗಿ ಪರದೆಯ ಮೇಲೆ ಬೆರಳಿಟ್ಟಳು. “ಅದು ನಾನು ತುಂಬಿದ್ದಲ್ಲ.”

“ಅಲ್ಲ,” ಅಂದರು ಇನ್ಸ್‌ಪೆಕ್ಟರಮ್ಮ. “ಯಾರೋ ಹಗ್ಗ ಹೊರಗೆ ತೆಗೆದಿದ್ದಾರೆ, ಕೊಯ್ದಿದ್ದಾರೆ, ಆಮೇಲೆ ತಮಗೆ ತಿಳಿದ ಹಾಗೆ ನೀಟಾಗಿ ಸುತ್ತಿ ಒಳಗಿಟ್ಟಿದ್ದಾರೆ. ನದಿ ಕೆಲಸದವರಲ್ಲ. ನಮ್ಮ ಥರ ಬಂದವರು.”

ತಂಗಿ ಅಣ್ಣನ ಕಡೆ ತಿರುಗಿದಳು. ಗೈಡ್ ಅವಳ ತಲೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದ. ಆಮೇಲೆ ಇಬ್ಬರೂ ದೋಣಿಗೆ ಗಾಳಿ ತುಂಬಲು ಹೋದರು. ಆ ಹೋಗುವ ನಡಿಗೆಯಲ್ಲೇ ಹಗುರ ಕಾಣುತ್ತಿತ್ತು. ಇನ್ಸ್‌ಪೆಕ್ಟರಮ್ಮನಿಗೆ ಹೊಟ್ಟೆ ತಣ್ಣಗಾಯಿತು.

“ಹಾಗಾದರೆ ಯಾರು?” ಮೇಷ್ಟ್ರು ಗಂಟಲು ತಗ್ಗಿಸಿ ಕೇಳಿದರು. “ನಿನ್ನೆ ಊಟಕ್ಕೆ ನಿಲ್ಲಿಸಿದಾಗ ನಾವೆಲ್ಲ ಜಲಪಾತ ನೋಡೋಕೆ ಮೇಲೆ ಹೋದ್ವಿ. ಗೈಡ್ ನಮ್ಮ ಜೊತೆಗಿದ್ದ. ತಂಗಿ ಬಂಡೆ ಮರೆಯಲ್ಲಿ ಒಲೆ ಹಚ್ಚಿಕೊಂಡಿದ್ದಳು.”

“ಕಾಲು ಹಿಡಿದುಕೊಂಡಿದೆ ಅಂತ ದೋಣಿ ಹತ್ತಿರವೇ ಮಲಗಿದ್ದವರು ಯಾರು?”

“ಡಾಕ್ಟ್ರು.” ಮೇಷ್ಟ್ರು ನಕ್ಕರು. “ಅಲ್ಲ ಕಣೇ, ನೀರಿಗೆ ಬಿದ್ದವರೇ ಅವರು. ತನ್ನನ್ನ ಎತ್ತಬೇಕಾದ ಹಗ್ಗವನ್ನ ಯಾರಾದರೂ ತಾನೇ ಕೊಯ್ತಾರಾ?”

ಇನ್ಸ್‌ಪೆಕ್ಟರಮ್ಮ ಕ್ಯಾಮೆರಾ ಮತ್ತೆ ಕೈಗೆ ತೆಗೆದುಕೊಂಡರು. ಡಾಕ್ಟರು ನೀರಿಗೆ ಬೀಳುವುದಕ್ಕೆ ಮುಂಚಿನ ತುಣುಕನ್ನು ನೋಡಿದರು. ಮತ್ತೆ ಮತ್ತೆ ನೋಡಿದರು. ಸೆಳವು ಮುಗಿದಿತ್ತು. ದೋಣಿ ಅಲುಗಾಡುತ್ತಿರಲಿಲ್ಲ; ಎಲ್ಲರೂ ಹುಟ್ಟು ಮೇಲೆತ್ತಿ ಕುಣಿಯುತ್ತಿದ್ದರು. ಪರದೆಯ ಮೂಲೆಯಲ್ಲಿ ಡಾಕ್ಟರು ಮಾತ್ರ ಗಲ್ಲದ ಕೆಳಗಿನ ಪಟ್ಟಿ ಎಳೆದರು, ಲೈಫ್ ಜಾಕೆಟ್ಟಿನ ಎರಡೂ ಬೆಲ್ಟ್ ಬಿಗಿ ಮಾಡಿದರು, ಕೆಳಗಿನ ನೀರನ್ನು ಒಂದು ಸಲ ನೋಡಿದರು. ಆಮೇಲೆ ಬಿದ್ದರು.

“ನಿಮಗೆ ಹಲ್ಲು ನೋಯ್ತಾ ಇದೆ ಅಂದ್ರಲ್ಲ?” ಇನ್ಸ್‌ಪೆಕ್ಟರಮ್ಮ ಗಂಡನನ್ನು ಕೇಳಿದರು.

“ನಿನ್ನೆ ಆ ಒಣ ಬ್ರೆಡ್ಡು ಕಚ್ಚಿದಾಗಿನಿಂದ. ಆದರೆ ಈಗ ಅದಕ್ಕೂ ಇದಕ್ಕೂ—”

“ಏಳಿ. ತೋರಿಸಿಕೊಂಡು ಬರೋಣ.”

ಡಾಕ್ಟರು ನೀರಿನ ಅಂಚಿನ ಚಪ್ಪಟೆ ಬಂಡೆಯ ಮೇಲೆ ಕೂತು ತಟ್ಟೆ ತೊಳೆಯುತ್ತಿದ್ದರು. ಐವತ್ತು ದಾಟಿದ, ಅಚ್ಚುಕಟ್ಟಿನ ಮನುಷ್ಯ. ಡೇರೆಯಲ್ಲಿ ಮಲಗಿ ಎದ್ದರೂ ಅಂಗಿಯಲ್ಲಿ ಸುಕ್ಕಿರಲಿಲ್ಲ. ಹಲ್ಲು ನೋವು ಅಂದ ಕೂಡಲೇ ಮುಖ ಅರಳಿತು. ಚೀಲದಿಂದ ಸಣ್ಣ ಕನ್ನಡಿ ತೆಗೆದು, ಟೀಗೆ ಕಾಯಿಸಿದ್ದ ನೀರಿನಲ್ಲಿ ತೊಳೆದು, ಮೇಷ್ಟ್ರನ್ನು ಬಿಸಿಲಿಗೆ ಮುಖ ಮಾಡಿಸಿ ಕೂರಿಸಿದರು.

“ಬಾಯಿ ತೆಗೀರಿ ಮೇಷ್ಟ್ರೇ. ಅಷ್ಟು ಅಗಲ ಬೇಡ. ಸ್ವಲ್ಪ ಸಾಕು.”

ಎಡಗೈ ಹೆಬ್ಬೆರಳಿನಿಂದ ಕೆನ್ನೆಯನ್ನು ಕೂದಲಗಲ ಆಚೆ ಸರಿಸಿದರು. ಆ ಸಂದಿನಲ್ಲಿ ಬಲಗೈ ಕನ್ನಡಿ ನುಸುಳಿತು. ಬೆರಳು ಕೊಂಚವೂ ಅದುರಲಿಲ್ಲ. ಇನ್ಸ್‌ಪೆಕ್ಟರಮ್ಮ ಗಂಡನ ಹಲ್ಲನ್ನು ನೋಡುತ್ತಿರಲಿಲ್ಲ. ಆ ಕೈಗಳನ್ನೇ ನೋಡುತ್ತಿದ್ದರು.

“ಇಷ್ಟು ಸಣ್ಣ ಜಾಗದಲ್ಲಿ ಹೇಗೆ ಕೆಲಸ ಮಾಡ್ತೀರಿ ಡಾಕ್ಟ್ರೇ?”

“ಇಪ್ಪತ್ತೆಂಟು ವರ್ಷದ ಅಭ್ಯಾಸ ಮೇಡಂ. ಒಳಗೆ ಕೆಲಸ ಆಗಿರಬೇಕು, ಹೊರಗೆ ಏನೂ ಕಾಣಬಾರದು. ಅದೇ ನಮ್ಮ ವಿದ್ಯೆ.”

ಇನ್ಸ್‌ಪೆಕ್ಟರಮ್ಮ ಹಳದಿ ಹಗ್ಗದ ತುಂಡನ್ನು ಅವರ ತೊಡೆಯ ಮೇಲಿಟ್ಟರು. “ಇದೂ ಹಾಗೇ ಇದೆ ನೋಡಿ.”

ಮೇಷ್ಟ್ರ ಬಾಯೊಳಗಿದ್ದ ಕನ್ನಡಿ ಅಲ್ಲೇ ನಿಂತಿತು. ಮೇಷ್ಟ್ರಿಗೆ ಮಾತಾಡಲು ಬಾಯಿಲ್ಲ. ಎರಡು ಕಣ್ಣು ಮಾತ್ರ ಹೆಂಡತಿಯ ಕಡೆ ತಿರುಗಿದವು.

“ಡಾಕ್ಟ್ರೇ, ಕೈ ಹೊರಗೆ ತೆಗೀರಿ. ರೀ, ಗೈಡನ್ನ ಕರ್ಕೊಂಡು ಬನ್ನಿ. ನಿಧಾನವಾಗಿ ಬನ್ನಿ.”

ನಿಧಾನ ಅಂದರೆ ಹತ್ತು ನಿಮಿಷ. ಮೇಷ್ಟ್ರಿಗೆ ಅರ್ಥವಾಯಿತು. ಕೆನ್ನೆ ಸವರಿಕೊಳ್ಳುತ್ತಾ ಎದ್ದು ಹೋದರು.

ಡಾಕ್ಟರು ಕನ್ನಡಿಯನ್ನು ಒರೆಸಿದರು. “ನೀವು ಏನು ಹೇಳ್ತಾ ಇದ್ದೀರಿ ಅಂತ ನಿಮಗೇ ಗೊತ್ತಾ ಮೇಡಂ? ನಿನ್ನೆ ಸಾಯಬೇಕಾಗಿದ್ದವನು ನಾನು.”

“ಈಜು ಬರಲ್ಲ ಅಂದಿದ್ರಿ.”

“ಬರಲ್ಲ.”

“ಬಿದ್ದ ತಕ್ಷಣ ಅಂಗಾತ ಮಲಗಿದ್ರಿ. ಕಾಲು ಮುಂದಕ್ಕೆ, ತಲೆ ಮೇಲೆ, ಕೈ ಎರಡೂ ಪಕ್ಕಕ್ಕೆ.”

“ಗೈಡ್ ಮೊದಲನೇ ದಿನವೇ ಹೇಳಿಕೊಟ್ಟಿದ್ದನಲ್ಲ.”

“ನನಗೂ ಹೇಳಿಕೊಟ್ಟಿದ್ದ. ಎರಡನೇ ಸೆಳವಿನಲ್ಲಿ ಬಿದ್ದಾಗ ನಾನು ಅಮ್ಮಾ ಅಂತ ಕೂಗಿ ಒಂದು ಬಿಂದಿಗೆ ನೀರು ಕುಡಿದೆ. ಬೀಳೋದಕ್ಕೆ ಮುಂಚೆ ಬೆಲ್ಟ್ ಬಿಗಿ ಮಾಡಿಕೊಳ್ಳೋಕೆ ನನಗೆ ಹೊಳೀಲಿಲ್ಲ. ನಿಮಗೆ ಹೊಳೆದಿತ್ತು. ಅತ್ತಿಗೆಯವರ ಕ್ಯಾಮೆರಾದಲ್ಲಿದೆ.”

ಡಾಕ್ಟರು ಹಗ್ಗವನ್ನು ಎತ್ತಿ ತುದಿಯನ್ನು ಬಿಸಿಲಿಗೆ ಹಿಡಿದರು. ತಮ್ಮದೇ ಕೆಲಸವನ್ನು ಪರೀಕ್ಷೆ ಮಾಡುವವರ ಹಾಗೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಅದನ್ನು ಪಕ್ಕಕ್ಕಿಟ್ಟರು.

“ಯಾರಿಗೂ ಏನೂ ಆಗಲಿಲ್ಲವಲ್ಲ,” ಅಂದರು. “ಆ ಜಾಗ ನಾನೇ ನೋಡಿ ಆರಿಸಿಕೊಂಡೆ. ಕೆಳಗೆ ನಿಂತ ನೀರಿತ್ತು.”

“ಊಟದ ಜಾಗದಿಂದ ಅಲ್ಲಿಗೆ ಬರೋಕೆ ಎರಡು ಸೆಳವು ದಾಟಿದ್ವಿ. ಕೊಯ್ದ ಹಗ್ಗವೇ ದೋಣಿಯಲ್ಲಿತ್ತು. ಅಲ್ಲಿ ನಾದಿನಿ ಬಿದ್ದಿದ್ದರೆ? ನನ್ನ ಗಂಡ ಬಿದ್ದಿದ್ದರೆ?”

ಡಾಕ್ಟರ ಮುಖದಿಂದ ಬಣ್ಣ ಇಳಿಯಿತು. ಅದನ್ನು ಅವರು ಯೋಚಿಸಿಯೇ ಇರಲಿಲ್ಲ ಅನ್ನೋದು ಇನ್ಸ್‌ಪೆಕ್ಟರಮ್ಮನಿಗೆ ಗೊತ್ತಾಯಿತು. ದನಿ ಏರಿಸಿ ಬೈದಿದ್ದರೂ ಅಷ್ಟು ತಟ್ಟುತ್ತಿರಲಿಲ್ಲ.

“ಯಾಕೆ ಮಾಡಿದ್ರಿ?”

“ನನಗೊಬ್ಬ ತಮ್ಮ ಇದ್ದ,” ಅಂದರು ಡಾಕ್ಟರು. “ನನಗಿಂತ ಹದಿನೆಂಟು ವರ್ಷ ಚಿಕ್ಕವನು. ಅಪ್ಪ ಅಮ್ಮ ಹೋದ ಮೇಲೆ ನಾನೇ ಸಾಕಿದ್ದು. ತಮ್ಮ ಅನ್ನೋದಕ್ಕಿಂತ ಮಗ ಅನ್ನಿ. ಮೂರು ವರ್ಷದ ಹಿಂದೆ ಈ ನದಿಗೆ ಬಂದ. ಇದೇ ಗೈಡ್, ಇದೇ ದೋಣಿ. ಬಿದ್ದ. ಆಮೇಲೆ ಅವನ ಒಂದು ಚಪ್ಪಲಿ ಕೂಡ ಸಿಗಲಿಲ್ಲ.”

ಇನ್ಸ್‌ಪೆಕ್ಟರಮ್ಮ ಹಗ್ಗವನ್ನು ತಮ್ಮ ಕಡೆ ಎಳೆದುಕೊಂಡರು.

“ಆಗ ನೀವು ಬಂದಿರಲಿಲ್ವಾ? ಗೈಡಿಗೆ ನಿಮ್ಮ ಗುರುತಿಲ್ಲ.”

“ನನ್ನ ಸೋದರಮಾವ ಬಂದಿದ್ದರು. ನನಗೆ ಈ ನೀರು ನೋಡೋ ಧೈರ್ಯ ಇರಲಿಲ್ಲ. ಆಕಸ್ಮಿಕ ಅಂತ ಬರೆದು ಫೈಲ್ ಮುಚ್ಚಿದರು. ಹೆಣವೇ ಸಿಕ್ಕಿಲ್ಲ, ಹುಡುಕಿ ಅಂತ ನಾಲ್ಕು ಸಲ ಅರ್ಜಿ ಹಾಕಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ಗೈಡಿನ ಕೈಯಲ್ಲಿ ಇನ್ನೊಂದು ಅಪಘಾತ ಆದರೆ ಹಳೇದನ್ನೂ ತೆಗೆದು ನೋಡ್ತಾರೆ ಅಂತ ಒಬ್ಬ ವಕೀಲರು ಮಾತಿಗೆ ಹೇಳಿದರು. ಅವರು ಮಾತಿಗೆ ಹೇಳಿದ್ದು. ನಾನು ಒಂದು ವರ್ಷ ಈಜು ಕಲಿತೆ.”

ಹೀಗೆ ಮುಚ್ಚಿದ ಫೈಲುಗಳು ಕೆಲಸದಲ್ಲಿದ್ದಾಗ ಇನ್ಸ್‌ಪೆಕ್ಟರಮ್ಮನ ಮೇಜಿನಲ್ಲೂ ಇದ್ದವು. ಅವುಗಳ ಅಣ್ಣಂದಿರು, ತಾಯಂದಿರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಕೂತು ಎದ್ದು ಹೋದದ್ದು ಅವರಿಗೆ ನೆನಪಿತ್ತು. ಡಾಕ್ಟರು ಮಾಡಿದ್ದು ತಪ್ಪು; ಆದರೆ ಈ ತಪ್ಪನ್ನು ಸರಿಪಡಿಸಲು ಒಂದು ದಾರಿ ಇತ್ತು.

“ಒಂದು ಕಾಗದದಲ್ಲಿ ಎಲ್ಲ ಬರೆದು ಸಹಿ ಹಾಕಿ,” ಅಂದರು. “ಹಗ್ಗ ಕೊಯ್ದದ್ದು ನೀವು, ಗೈಡಿನ ತಪ್ಪಿಲ್ಲ ಅಂತ. ಅವನ ಲೈಸೆನ್ಸ್ ಉಳಿಯುತ್ತೆ. ನಿಮಗೆ ಶಿಕ್ಷೆ ಆಗುತ್ತೋ ಇಲ್ಲವೋ ಅದು ನನ್ನ ಕೈಲಿಲ್ಲ. ಆದರೆ ನಿಮ್ಮ ತಮ್ಮನ ಫೈಲು ತೆಗೆಸೋದು ನನ್ನ ಜವಾಬ್ದಾರಿ. ನನ್ನ ಮಾತು ಕೇಳೋರು ಇನ್ನೂ ಇಬ್ಬರು ಮೂವರು ಇಲಾಖೆಯಲ್ಲಿದ್ದಾರೆ.”

ಡಾಕ್ಟರು ಒಂದು ಮಾತೂ ಎದುರಾಡಲಿಲ್ಲ. ಚೀಟಿ ಬರೆಯುವ ಪುಸ್ತಕ ತೆಗೆದು, ಬಂಡೆಯ ಮೇಲೆ ಬಗ್ಗಿ, ದುಂಡಗೆ ಒಂದೂವರೆ ಪುಟ ಬರೆದು ಸಹಿ ಮಾಡಿದರು. ಇನ್ಸ್‌ಪೆಕ್ಟರಮ್ಮ ಓದಿ, ಮಡಿಸಿ, ಲೈಫ್ ಜಾಕೆಟ್ಟಿನ ಒಳಜೇಬಿಗೆ ಸೇರಿಸಿದರು. ಬಿಸಿಲು ಹಿತವಾಗಿತ್ತು. ಹೊರಡಲು ಇನ್ನೂ ಒಂದು ಗಂಟೆ ಇತ್ತು. ಒಂದು ಹಗ್ಗ, ಒಂದು ಬೆಳಗು, ಒಂದು ತಪ್ಪೊಪ್ಪಿಗೆ. ಕೆಲಸದಲ್ಲಿದ್ದಾಗ ಕೂಡ ಇಷ್ಟು ಸಲೀಸಾಗಿ ಬಿಡಿಸಿದ ಗಂಟು ಕಡಿಮೆ ಅಂದುಕೊಂಡರು.

ಮೇಷ್ಟ್ರು ಗೈಡನ್ನು ಕರೆದುಕೊಂಡು ಬಂದರು. ಇನ್ಸ್‌ಪೆಕ್ಟರಮ್ಮ ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಗೈಡ್ ಕೈ ಎತ್ತಿಯಾನು ಅಂತ ಮೇಷ್ಟ್ರು ಮೆಲ್ಲಗೆ ಇಬ್ಬರ ನಡುವೆ ಬಂದು ನಿಂತರು. ಅದರ ಅಗತ್ಯ ಬೀಳಲಿಲ್ಲ. ಗೈಡ್ ಬಂಡೆಯ ಅಂಚಿನಲ್ಲಿ ಕೂತ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಎಡಗೈಯಲ್ಲಿ ಹುಟ್ಟು ಹಾಕ್ತಿದ್ದ,” ಅಂದ ಡಾಕ್ಟರಿಗೆ. “ಹುಬ್ಬಿನ ಮೇಲೆ ಗಾಯದ ಕಲೆ. ಅವನೇನಾ ನಿಮ್ಮ ತಮ್ಮ?”

“ಅವನೇ.”

ಗೈಡ್ ತಲೆಯೆತ್ತಿ ದೂರದಲ್ಲಿ ಕಯಾಕ್ ಹತ್ತಿರ ನಿಂತಿದ್ದ ತಂಗಿಯ ಕಡೆ ನೋಡಿದ. ಅವಳಿಗೆ ಇಲ್ಲಿನ ಮಾತು ಕೇಳಿಸುವ ಹಾಗಿರಲಿಲ್ಲ. ಆದರೂ ಅವನ ಮುಖ ನೋಡಿಯೇ ಏನೋ ತಿಳಿದವಳಂತೆ ಬೇಡ ಬೇಡ ಅಂತ ತಲೆಯಾಡಿಸಿದಳು. ಗೈಡ್ ಕಣ್ಣು ತಿರುಗಿಸಿಕೊಂಡ.

“ಇಷ್ಟು ದೂರ ಬಂದ ಮೇಲೆ ಮುಚ್ಚಿಡೋಕೆ ನನ್ನಿಂದಾಗಲ್ಲ,” ಅಂದ. “ಮೇಡಂ, ಇವರ ತಮ್ಮ ಸತ್ತಿಲ್ಲ. ಅವತ್ತು ಒಂದು ಮೈಲಿ ಕೆಳಗೆ ನನ್ನ ತಂಗಿಗೆ ಸಿಕ್ಕಿದ. ಮೈಮೇಲೆ ತರಚು ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ನಮ್ಮಿಬ್ಬರ ಕಾಲು ಹಿಡಿದುಕೊಂಡ. ಯಾರು ಬಂದು ಕೇಳಿದರೂ ನೀರಿನಲ್ಲಿ ಹೋದ ಅಂತಲೇ ಹೇಳಿ ಅಂದ. ಅಣ್ಣನ ಕೈಗೆ ಮಾತ್ರ ನನ್ನನ್ನ ಮತ್ತೆ ಕೊಡಬೇಡಿ, ಅವರು ಬಂದು ಕೇಳಿದರೆ ಇನ್ನೂ ಗಟ್ಟಿಯಾಗಿ ಹೇಳಿ ಅಂದ.”

ಮೇಷ್ಟ್ರು ಹೆಂಡತಿಯ ಭುಜ ಹಿಡಿದುಕೊಂಡರು.

ಇನ್ಸ್‌ಪೆಕ್ಟರಮ್ಮ ಡಾಕ್ಟರ ಮುಖ ನೋಡಿದರು. ಸತ್ತರು ಅಂದುಕೊಂಡವರು ಬದುಕಿದ್ದಾರೆ ಅಂತ ಕೇಳಿದವರನ್ನು ಅವರು ನೌಕರಿಯಲ್ಲಿ ಮೂರು ಸಲ ನೋಡಿದ್ದರು. ಒಬ್ಬಳು ಅಲ್ಲೇ ಕುಸಿದಿದ್ದಳು, ಒಬ್ಬರು ಹುಚ್ಚು ಹಿಡಿದ ಹಾಗೆ ನಕ್ಕಿದ್ದರು, ಇನ್ನೊಬ್ಬರು ಸುಳ್ಳು ಹೇಳ್ತೀರಾ ಅಂತ ಕೊರಳಪಟ್ಟಿ ಹಿಡಿದಿದ್ದರು. ಡಾಕ್ಟರು ಇದ್ಯಾವುದನ್ನೂ ಮಾಡಲಿಲ್ಲ. ಇಷ್ಟು ಹೊತ್ತು ಅದುರದೇ ಇದ್ದ ಬೆರಳುಗಳು ಮಾತ್ರ ಅದುರತೊಡಗಿದ್ದವು.

ತಮ್ಮ ಹೇಗಿದ್ದಾನೆ ಅಂತ ಅವರು ಕೇಳಲಿಲ್ಲ. ಎಲ್ಲಿದ್ದಾನೆ ಅಂತಲೂ ಕೇಳಲಿಲ್ಲ.

“ಅವನು ನಿಮಗೆ ಏನೇನು ಹೇಳಿದ್ದಾನೆ?” ಅಂದರು.